ಫ್ರಿಜ್ ಆರಿಸಿ, ಒಂದು ನಿಮಿಷ ಸುಮ್ಮನಿರಿ: ಶಬ್ದಗ್ರಹಣದ ಬಗ್ಗೆ ಓದುಗರ ಪ್ರಶ್ನೆಗಳು

ಸಿನಿಮಾ ಚಿತ್ರೀಕರಣದ ಜಾಗದಲ್ಲಿಯೇ ಮಾತು ಮತ್ತು ಸದ್ದುಗಳನ್ನು ಮುದ್ರಿಸಿಕೊಳ್ಳುವುದು ನನ್ನ ವೃತ್ತಿ. ನನ್ನ ಮನೆ ಶಿರಸಿಯ ಹತ್ತಿರ. ವರ್ಷದ ಹೆಚ್ಚಿನ ತಿಂಗಳುಗಳನ್ನು ಕಳೆಯುವುದು ಬೇರೆ ಬೇರೆ ಊರುಗಳ ಲಾಡ್ಜ್‌ಗಳಲ್ಲಿ. ಈ ಕೆಲಸದ ಬಗ್ಗೆ ಉತ್ತರ ಕನ್ನಡ ಜಿಲ್ಲೆಯ ಓದುಗರು ಕಳುಹಿಸಿದ ಪತ್ರಗಳಿಂದ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಶೂಟಿಂಗ್ ನಡೆಯಿತು. ಸೌಂಡಿನವರು ಬಂದು ಫ್ರಿಜ್ ಆರಿಸಿದರು, ಗೋಡೆ ಗಡಿಯಾರವನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿಟ್ಟರು, ತೋಟದ ಪಂಪ್ ನಿಲ್ಲಿಸಲು ಹೇಳಿದರು. ಕೊನೆಗೆ ಅಷ್ಟೂ ಜನರನ್ನು ನಿಂತಲ್ಲಿಯೇ ನಿಲ್ಲಿಸಿ, ಯಾರೂ ಮಾತನಾಡದ ಒಂದು ನಿಮಿಷವನ್ನು ರೆಕಾರ್ಡ್ ಮಾಡಿಕೊಂಡರು. ಏನೂ ಇಲ್ಲದ್ದನ್ನು ಮುದ್ರಿಸಿ ಏನು ಪ್ರಯೋಜನ? ಅವರು ಹೋದ ಮೇಲೆ ನೋಡಿದರೆ ಫ್ರಿಜ್ ಆರಿಯೇ ಇತ್ತು, ಹಾಲು ಕೆಟ್ಟಿತ್ತು. (ಗೃಹಿಣಿ, ಹೊನ್ನಾವರ ತಾಲೂಕು)

ಉತ್ತರ: ಮೊದಲಿಗೆ, ಹಾಲು ಕೆಟ್ಟಿದ್ದಕ್ಕೆ ನನ್ನ ವೃತ್ತಿಯವರೆಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ. ಹೀಗಾಗಬಾರದೆಂದು ನಮ್ಮಲ್ಲಿ ಹಲವರು ಒಂದು ಕ್ರಮ ಇಟ್ಟುಕೊಂಡಿದ್ದೇವೆ: ಫ್ರಿಜ್ ಆರಿಸಿದ ಕೂಡಲೇ ನಮ್ಮ ಗಾಡಿಯ ಕೀಲಿಯನ್ನು ಅದರೊಳಗೆ ಇಟ್ಟುಬಿಡುತ್ತೇವೆ. ಕೀಲಿ ಇಲ್ಲದೆ ಹೊರಡಲಾಗುವುದಿಲ್ಲ. ಕೀಲಿ ತೆಗೆಯಲು ಬಾಗಿಲು ತೆರೆದವರಿಗೆ ಮತ್ತೆ ಸ್ವಿಚ್ ಹಾಕುವುದು ಮರೆಯುವುದಿಲ್ಲ. ನಿಮ್ಮ ಮನೆಗೆ ಬಂದವರಿಗೆ ಅದನ್ನು ಯಾರೂ ಕಲಿಸಿರಲಿಲ್ಲವೆಂದು ಕಾಣುತ್ತದೆ.

ಒಂದು ದೃಶ್ಯದ ನಾಲ್ಕು ಸಾಲು ಸಂಭಾಷಣೆಯನ್ನು ಬೇರೆ ಬೇರೆ ಕೋನಗಳಿಂದ ಎರಡು ಮೂರು ಗಂಟೆಗಳ ಕಾಲ ಚಿತ್ರಿಸುತ್ತಾರೆ. ಆಮೇಲೆ ಸಂಕಲನಕಾರರು ಒಂದು ತುಂಡನ್ನು ಹತ್ತು ಗಂಟೆಯದರಿಂದ, ಇನ್ನೊಂದನ್ನು ಹನ್ನೆರಡು ಗಂಟೆಯದರಿಂದ ತೆಗೆದು ಜೋಡಿಸುತ್ತಾರೆ. ಫ್ರಿಜ್ಜಿನ ಮೋಟಾರು ತನಗೆ ಬೇಕಾದಾಗ ಶುರುವಾಗಿ ಬೇಕಾದಾಗ ನಿಲ್ಲುವುದರಿಂದ, ಅಮ್ಮ ಮಾತನಾಡುವಾಗ ಅದರ ಗುಂಯ್‌ಗುಟ್ಟುವಿಕೆ ಇದ್ದು ಮಗಳು ಉತ್ತರಿಸುವಾಗ ಇಲ್ಲವಾದರೆ, ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದಾರೆಂಬ ನಂಬಿಕೆಯೇ ಮುರಿಯುತ್ತದೆ. ಗಡಿಯಾರದ ಟಿಕ್‌ಟಿಕ್ ಕೂಡ ಹಾಗೆಯೇ, ಕತ್ತರಿಸಿ ಜೋಡಿಸಿದಲ್ಲೆಲ್ಲ ತಾಳ ತಪ್ಪುತ್ತದೆ.

ಆ ಒಂದು ನಿಮಿಷದಲ್ಲಿ ನಾವು ಮುದ್ರಿಸಿಕೊಂಡದ್ದನ್ನು ರೂಮ್ ಟೋನ್ ಎನ್ನುತ್ತೇವೆ. ಅಲ್ಲಿ ಏನೂ ಇಲ್ಲ ಎಂದು ನಿಮಗನ್ನಿಸಿರಬಹುದು, ಆದರೆ ನಿಮ್ಮ ಮನೆಯ ಹಂಚಿನ ಸಂದಿಯಿಂದ ಇಳಿಯುವ ಗಾಳಿ, ತೋಟದ ದೂರದ ಹಕ್ಕಿ, ಹೆದ್ದಾರಿಯಲ್ಲಿ ಸಾಗುವ ಲಾರಿಯ ಅಸ್ಪಷ್ಟ ಮೊರೆತ, ಮಣ್ಣಿನ ಗೋಡೆ ಮತ್ತು ತೆರೆದ ಜಗುಲಿ ಆ ಎಲ್ಲ ಸದ್ದುಗಳಿಗೆ ಕೊಡುವ ಒಂದು ಬಣ್ಣ, ಇವೆಲ್ಲ ಆ ನಿಮಿಷದಲ್ಲಿವೆ. ಎರಡು ಮಾತುಗಳ ನಡುವೆ ನಿರ್ದೇಶಕರು ಕೊಟ್ಟ ಸೂಚನೆಯನ್ನು ಕತ್ತರಿಸಿ ತೆಗೆದಾಗ ಉಳಿಯುವ ಖಾಲಿ ಜಾಗವನ್ನು ಇದರಿಂದಲೇ ತುಂಬಬೇಕು. ತುಂಬದೆ ಬಿಟ್ಟರೆ ಚಿತ್ರಮಂದಿರದಲ್ಲಿ ಕುಳಿತವರಿಗೆ ಸ್ಪೀಕರ್ ಕೆಟ್ಟಿತೇನೋ ಎನ್ನಿಸುತ್ತದೆ. ಬೇರೆ ಮನೆಯಲ್ಲಿ ಮುದ್ರಿಸಿದ್ದು ಹೊಂದುವುದಿಲ್ಲ. ಜನ ಹೊರಗೆ ಹೋದ ಮೇಲೂ ಮುದ್ರಿಸಲಾಗದು, ಏಕೆಂದರೆ ಜನರ ಮೈ, ಬಟ್ಟೆ, ಹಾಸಿದ ಚಾಪೆ ಎಲ್ಲವೂ ಸದ್ದನ್ನು ಹೀರುತ್ತವೆ. ಅದಕ್ಕಾಗಿಯೇ ಎಲ್ಲರನ್ನೂ ನಿಂತಲ್ಲಿಯೇ ನಿಲ್ಲಿಸಿದ್ದು.

ಪ್ರಶ್ನೆ: ಸ್ಟುಡಿಯೊದಲ್ಲಿ ಮಾತನ್ನು ಮತ್ತೆ ಸೇರಿಸುವ ಅನುಕೂಲವಿರುವಾಗ ಇಷ್ಟು ಜನರನ್ನು ಕಾಡಿಸಿ ಸ್ಥಳದಲ್ಲಿಯೇ ಮುದ್ರಿಸಬೇಕೇ? ಡಬ್ ಮಾಡಿದ ಮಾತು ಹೆಚ್ಚು ಸ್ಪಷ್ಟವಾಗಿಯೇ ಇರುತ್ತದಲ್ಲ. (ನಿವೃತ್ತ ಶಿಕ್ಷಕರು, ಅಂಕೋಲಾ)

ಉತ್ತರ: ಸ್ಪಷ್ಟವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಸ್ಪಷ್ಟತೆಯೊಂದೇ ಮಾತಿನ ಗುಣವಲ್ಲ ಎಂಬುದು ನನ್ನ ನಂಬಿಕೆ, ಮತ್ತು ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಅನುಮತಿ ಕೊಡಿ.

ಭಾರತದ ಮೊದಲ ಟಾಕಿ, 1931ರ ಆಲಂ ಆರಾದಲ್ಲಿ ಮಾತು ಹಾಡುಗಳೆಲ್ಲ ಚಿತ್ರೀಕರಣದ ಹೊತ್ತಿಗೇ ಮುದ್ರಣವಾದವು. ಮುಂಬಯಿಯ ಆ ಸ್ಟುಡಿಯೊದ ಪಕ್ಕದಲ್ಲಿಯೇ ರೈಲು ಹಳಿಗಳಿದ್ದುದರಿಂದ ರೈಲುಗಳ ಓಡಾಟ ನಿಂತ ಮೇಲೆ, ರಾತ್ರಿಯ ಹೊತ್ತು ಕೆಲಸ ಮಾಡುತ್ತಿದ್ದರಂತೆ. ಕುಮಟಾದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಮುಂದೆ ಹೊರಾಂಗಣ ಚಿತ್ರೀಕರಣಕ್ಕೆ ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಾದ ಆರಿ 2ಸಿ ಕ್ಯಾಮೆರಾ ಹಗುರವಾಗಿತ್ತು, ಗಟ್ಟಿಮುಟ್ಟಾಗಿತ್ತು, ಆದರೆ ಓಡುವಾಗ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿತ್ತು. ಹೀಗಾಗಿ ಸ್ಥಳದಲ್ಲಿ ಗುರುತಿಗೆಂದು ಮಾತ್ರ ಪೈಲಟ್ ಟ್ರ್ಯಾಕ್ ಮುದ್ರಿಸಿಕೊಂಡು ನಿಜವಾದ ಮಾತನ್ನು ಸ್ಟುಡಿಯೊದಲ್ಲಿ ಸೇರಿಸುವ ಪದ್ಧತಿ ಬೇರೂರಿತು. ಯಂತ್ರದ ಕೊರತೆಯಿಂದ ಹುಟ್ಟಿದ ಪದ್ಧತಿ ಕ್ರಮೇಣ ರುಚಿಯೇ ಆಗಿಹೋಯಿತು. 2001ರಲ್ಲಿ ಬಂದ ಲಗಾನ್, ಅಷ್ಟು ದೊಡ್ಡ ಗುಂಪನ್ನು ಬಯಲಿನಲ್ಲಿಟ್ಟುಕೊಂಡೂ ಸ್ಥಳದಲ್ಲಿಯೇ ಮುದ್ರಿಸಿ ಶಬ್ದಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ಹಲವರ ಮನಸ್ಸು ಬದಲಾಯಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳಂತೂ ಹೆಚ್ಚು ಸದ್ದು ಮಾಡುವುದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣವಿದೆ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಶಿರಸಿ ಸಿದ್ದಾಪುರಗಳ ಹವ್ಯಕ ಕನ್ನಡ, ನಿಮ್ಮ ಅಂಕೋಲೆಯ ಹಾಲಕ್ಕಿಗಳ ಕನ್ನಡ, ಇವು ಒಂದೊಂದೂ ಬೇರೆಯೇ ಆದ ಎಳೆತ, ಏರಿಳಿತಗಳನ್ನು ಉಳ್ಳವು. 2017ರಲ್ಲಿ ಪದ್ಮಶ್ರೀ ಪಡೆದ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹಾಡನ್ನು ನೀವು ಖಂಡಿತ ಕೇಳಿರುತ್ತೀರಿ. ಆ ದನಿಯ ಬದಲಿಗೆ ನಗರದಲ್ಲಿ ಕುಳಿತ ಡಬ್ಬಿಂಗ್ ಕಲಾವಿದರೊಬ್ಬರ ದನಿಯನ್ನು ಇಟ್ಟರೆ ಉಳಿಯುವುದೇನು? ಹವ್ಯಕರ ಮನೆಯ ಹೆಂಗಸು ಜಗುಲಿಗೆ ಬಂದವರನ್ನು “ಆಸರಿಗೆ ಎಂತ ಬೇಕು?” (ಕುಡಿಯಲು ಏನು ಬೇಕು) ಎಂದು ಕೇಳುವ ರೀತಿಯನ್ನು ಬರೆದುಕೊಂಡು ಅಭ್ಯಾಸ ಮಾಡಿದವರು ಎಷ್ಟೇ ನುರಿತವರಾಗಿರಲಿ, ಒಳಮನೆಯ ಕಡೆಗೆ ಅರ್ಧ ತಿರುಗಿಕೊಂಡೇ ಕೇಳುವ ಆ ದನಿಯ ಸಲಿಗೆ ಅವರಿಗೆ ದಕ್ಕುವುದು ಬಹಳ ಅಪರೂಪ.

ಅಘನಾಶಿನಿಯ ಅಳಿವೆಯಲ್ಲಿ ಒಮ್ಮೆ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸೊಬ್ಬರು ತಮ್ಮ ಪಾತ್ರವನ್ನೇ ಮಾಡಿದ್ದರು. ಮೊಣಕಾಲುದ್ದದ ನೀರಿನಲ್ಲಿ ಬಾಗಿ ಕೆಸರಿನಲ್ಲಿ ಕೈಯಾಡಿಸುತ್ತಲೇ ಮಾತನಾಡಬೇಕಿತ್ತು. ಹೊಟ್ಟೆ ಮಡಿಚಿಕೊಂಡಿದ್ದರಿಂದ ವಾಕ್ಯಗಳು ತುಂಡುತುಂಡಾಗಿ ಬರುತ್ತಿದ್ದವು, ಕೈಗೆ ಚಿಪ್ಪು ತಗುಲಿದಾಗ ಮಾತು ತಾನಾಗಿ ನಿಲ್ಲುತ್ತಿತ್ತು. ದೂರದ ದೋಣಿಯೊಂದರ ಎಂಜಿನ್ ಸದ್ದು ಸೇರಿತೆಂಬ ಕಾರಣಕ್ಕೆ ಆ ಮಾತುಗಳನ್ನು ಸ್ಟುಡಿಯೊದಲ್ಲಿ ಮತ್ತೆ ಹೇಳಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಟ್ಟಗೆ ನಿಂತ ಅದೇ ಹೆಂಗಸು ಪಾಠ ಒಪ್ಪಿಸುವ ಮಗುವಿನಂತೆ ಮಾತನಾಡಿದರು. ಎಂಟು ಸಲ ಹೇಳಿಸಿದರೂ ನೀರಿನಲ್ಲಿ ಬಾಗಿ ಆಡಿದ ಆ ಮಾತಿನ ರೀತಿ ಬರಲಿಲ್ಲ. ಕೊನೆಗೆ ದೋಣಿಯ ಸದ್ದಿದ್ದ ಮೂಲವನ್ನೇ ಉಳಿಸಿಕೊಂಡೆವು. ನನಗೆ ಇಂದಿಗೂ ಅದು ಸರಿಯಾದ ತೀರ್ಮಾನವೆನ್ನಿಸುತ್ತದೆ.

ಹಾಗೆಂದು ಎಲ್ಲೆಡೆ ಸಾಧ್ಯವಿಲ್ಲ. ಏಪ್ರಿಲ್ ಮೇ ತಿಂಗಳಿನಲ್ಲಿ ದೇವಿಮನೆ ಘಟ್ಟದಲ್ಲಿ ಜೀರುಂಡೆಗಳು ಕೂಗತೊಡಗಿದರೆ ಅವುಗಳ ಸದ್ದು ಹೆಚ್ಚಾಗಿ ಸೆಕೆಂಡಿಗೆ ನಾಲ್ಕರಿಂದ ಎಂಟು ಸಾವಿರ ಕಂಪನಗಳ ಆಸುಪಾಸಿನಲ್ಲಿರುತ್ತದೆ, ಮತ್ತು ನಮ್ಮ ‘ಸ’, ‘ಶ’, ‘ಚ’ ಅಕ್ಷರಗಳ ಚೂಪು ಇರುವುದೂ ಅಲ್ಲಿಯೇ. ತಂತ್ರಾಂಶದಿಂದ ಜೀರುಂಡೆಯನ್ನು ಒರೆಸಲು ಹೋದರೆ ‘ಶಿರಸಿ’ ಎಂಬ ಮಾತು ತೊದಲಿದಂತೆ ಕೇಳುತ್ತದೆ. ಕಡಲ ಅಲೆಯಂತೂ ಎಲ್ಲ ಕಂಪನಗಳನ್ನೂ ಒಟ್ಟಿಗೆ ಆವರಿಸುತ್ತದೆ. ಅಂಥ ಕಡೆ ನಾನು ಮಾಡುವುದು ಇಷ್ಟು: ಶಾಟ್ ಮುಗಿದ ಮರುಕ್ಷಣವೇ, ಕಲಾವಿದರ ಉಸಿರು ಇನ್ನೂ ಆ ದೃಶ್ಯದಲ್ಲಿರುವಾಗಲೇ, ಅವರನ್ನು ಗಾಜು ಏರಿಸಿದ ಕಾರಿನೊಳಗೆ ಕೂರಿಸಿ ಅದೇ ಮಾತುಗಳನ್ನು ಇನ್ನೊಮ್ಮೆ ಹೇಳಿಸಿಕೊಳ್ಳುತ್ತೇನೆ. ತಿಂಗಳುಗಳ ಮೇಲೆ ಸ್ಟುಡಿಯೊದಲ್ಲಿ ಹೇಳಿಸುವುದಕ್ಕಿಂತ ಅದು ಎಷ್ಟೋ ಪಾಲು ಮೇಲು.

ಪ್ರಶ್ನೆ: ನನ್ನ ಮಗ ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದಾನೆ. ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಬಂದಾಗಲೂ ಟಿ.ವಿ. ಹಾಕಲು ಬಿಡದೆ ಒಬ್ಬನೇ ಸುಮ್ಮನೆ ಕೂರುತ್ತಾನೆ. ಮದುವೆಯ ಮಾತೆತ್ತಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾನೆ. ಈ ಕೆಲಸವೇ ಹೀಗೋ, ಅವನಿಗೆ ನಮ್ಮ ಮೇಲೆ ಬೇಸರವೋ ತಿಳಿಯದು. (ತಾಯಿ, ಶಿರಸಿ)

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ನಮ್ಮ ಆಯಿ ಇದನ್ನೇ ಬರೆಯಬಹುದಿತ್ತು.

ಸೆಟ್ಟಿನಲ್ಲಿ ಎಲ್ಲರ ಮೊಬೈಲನ್ನೂ ಆರಿಸಲು ಹೇಳಬೇಕಾದವನು ಶಬ್ದಗ್ರಾಹಕನೇ. ರಿಂಗಣ ಮಾತ್ರವಲ್ಲ, ಮೊಬೈಲಿನ ಅಲೆಗಳು ಕಾರ್ಡ್‌ಲೆಸ್ ಮೈಕುಗಳಿಗೂ ತೊಂದರೆ ಕೊಡುತ್ತವೆ. ಆದ್ದರಿಂದ ನಿಮ್ಮ ಮಗ ತನ್ನ ಫೋನನ್ನೇ ಮೊದಲು ಆರಿಸಿರುತ್ತಾನೆ. ಬೆಳಿಗ್ಗೆ ಆರಕ್ಕೆ ಶುರುವಾದ ಕೆಲಸ ಸಂಜೆ ಆರಕ್ಕೆ ಮುಗಿದರೂ ಅವನಿಗೆ ಮುಗಿಯುವುದಿಲ್ಲ. ಅಂದಿನ ಮುದ್ರಣವನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ಪ್ರತಿ ಮಾಡಬೇಕು, ಯಾವ ಟೇಕ್‌ನಲ್ಲಿ ವಿಮಾನ ಹಾದುಹೋಯಿತು, ಯಾವುದರಲ್ಲಿ ಸೀರೆಯ ಸೆರಗು ಮೈಕಿಗೆ ಉಜ್ಜಿತು ಎಂಬ ವಿವರವನ್ನು ಬರೆದಿಡಬೇಕು, ಹತ್ತಾರು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು. ಅಷ್ಟರಲ್ಲಿ ನೀವು ಮಲಗುವ ಹೊತ್ತಾಗಿರುತ್ತದೆ.

ಮನೆಯಲ್ಲಿ ಸುಮ್ಮನೆ ಕೂರುವುದನ್ನು ದಯವಿಟ್ಟು ಮುನಿಸೆಂದು ತಿಳಿಯಬೇಡಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹೆಡ್‌ಫೋನ್ ಹಾಕಿಕೊಂಡು, ಇತರರು ಗಮನಿಸದ ಸದ್ದುಗಳನ್ನು ಹುಡುಕುವುದೇ ಅವನ ದುಡಿಮೆ. ಹೊಲದಲ್ಲಿ ದುಡಿದವನ ಬೆನ್ನಿಗೆ ಬಿಡುವು ಬೇಕಾಗುವಂತೆ ಇವನ ಕಿವಿಗೂ ಬೇಕಾಗುತ್ತದೆ. ಬಂದ ಮೊದಲ ಎರಡು ದಿನ ಟಿ.ವಿ. ಹಾಕದಿದ್ದರೆ ಅವನಿಗೆ ದೊಡ್ಡ ಉಪಕಾರ.

ನನ್ನ ಜೀವನದ ಒಂದು ಸಂಗತಿಯನ್ನು ಹೇಳುತ್ತೇನೆ, ಏಕೆಂದರೆ ಅದರಿಂದ ನಿಮಗೆ ಒಂದು ಉಪಾಯ ಸಿಗಬಹುದು. ಅಪ್ಪಯ್ಯನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ ದಿನ ನಾನು ರಾಜಸ್ಥಾನದ ಒಂದು ಹಳ್ಳಿಯಲ್ಲಿದ್ದೆ. ಆರಿಸಿದ ಫೋನ್ ಚೀಲದ ತಳದಲ್ಲಿತ್ತು, ಊಟದ ಬಿಡುವಿನಲ್ಲಿಯೂ ತೆಗೆಯಲಿಲ್ಲ, ರಾತ್ರಿ ಸಿಗ್ನಲ್ ಇರಲಿಲ್ಲ. ಸುದ್ದಿ ತಲುಪಿದ್ದು ಎರಡು ದಿನ ತಡವಾಗಿ. ಅಪ್ಪಯ್ಯ ಚೇತರಿಸಿಕೊಂಡರು, ಆದರೆ ಆ ಎರಡು ದಿನ ಆಯಿ ಒಬ್ಬಳೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಳೆಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ಪ್ರತಿ ಚಿತ್ರಕ್ಕೆ ಹೊರಡುವ ಮುಂಚೆ ಪ್ರೊಡಕ್ಷನ್ ಮ್ಯಾನೇಜರರ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗುತ್ತೇನೆ. ಅವರ ಫೋನ್ ಆರುವುದಿಲ್ಲ. ನಿಮ್ಮ ಮಗನಿಂದಲೂ ಆ ನಂಬರನ್ನೂ, ಯಾವ ದಿನ ಯಾವ ಊರು ಎಂಬ ಪಟ್ಟಿಯನ್ನೂ ಕೇಳಿ ಪಡೆಯಿರಿ. ಮಾತನಾಡಲು ಮಧ್ಯಾಹ್ನದ ಊಟದ ಬಿಡುವನ್ನು ಇಬ್ಬರೂ ಗೊತ್ತು ಮಾಡಿಕೊಳ್ಳಿ. ನಮ್ಮ ಆಯಿ ಆ ಹೊತ್ತಿಗೆ ಮಾಡಿ “ತಮಾ, ಊಟ ಆತನಾ?” ಎಂದಷ್ಟೇ ಕೇಳಿ ಇಡುತ್ತಾಳೆ. ಆ ಒಂದು ಮಾತಿಗಾಗಿ ನಾನು ಕಾಯುತ್ತಿರುತ್ತೇನೆಂದು ಅವಳಿಗೆ ಹೇಳಿದ್ದೇನೆ. ನಿಮ್ಮ ಮಗ ಹೇಳಿರಲಾರ, ಆದರೆ ಅವನೂ ಕಾಯುತ್ತಿರಬಹುದು.

ಮದುವೆಯ ವಿಷಯದಲ್ಲಿ ನನಗೆ ಅನ್ನಿಸುವುದು ಇಷ್ಟು. ಬಹುಶಃ ಅವನನ್ನು ತಡೆಯುತ್ತಿರುವುದು ಹಣದ ಅನಿಶ್ಚಿತತೆ. ನಮಗೆ ತಿಂಗಳ ಸಂಬಳವಿಲ್ಲ. ದಿನದ ಲೆಕ್ಕದಲ್ಲೋ ಚಿತ್ರದ ಲೆಕ್ಕದಲ್ಲೋ ಕಂತುಗಳಲ್ಲಿ ಬರುತ್ತದೆ, ಮಳೆಗಾಲದಲ್ಲಿ ಕೆಲಸ ಕಡಿಮೆ. ನನಗೆ ಒಬ್ಬ ನಿರ್ಮಾಪಕರು ಕೊನೆಯ ಕಂತನ್ನು ಇಂದು ನಾಳೆ ಎಂದು ಎರಡು ವರ್ಷ ಎಳೆದು ಕೊನೆಗೂ ಕೊಡಲಿಲ್ಲ, ಬಾಯಿಮಾತಿನ ಒಪ್ಪಂದವಾದ್ದರಿಂದ ನನ್ನ ಬಳಿ ಕೇಳಲು ಕಾಗದವೂ ಇರಲಿಲ್ಲ. ಆಮೇಲೆ ಬರಹದ ಒಪ್ಪಂದವಿಲ್ಲದೆ ಮೈಕ್ ಪೆಟ್ಟಿಗೆ ತೆರೆದಿಲ್ಲ. ನನಗೆ ಮದುವೆಯಾಗಿ ಹನ್ನೊಂದು ವರ್ಷವಾಯಿತು. ಚೌತಿಗೆ ನಾನು ಮನೆಯಲ್ಲಿರುತ್ತೇನೆ ಎಂಬುದನ್ನೂ ಆ ಒಪ್ಪಂದದಲ್ಲಿಯೇ ಬರೆಸುತ್ತೇನೆ, ಇದುವರೆಗೆ ಯಾರೂ ಬೇಡವೆಂದಿಲ್ಲ. ನಿಮ್ಮ ಮಗನನ್ನು ಮದುವೆಯ ಬಗ್ಗೆ ಕೇಳುವ ಬದಲು, ಯಾರಿಂದಲಾದರೂ ಹಣ ಬರಬೇಕಿದೆಯೇ ಎಂದು ಒಮ್ಮೆ ಕೇಳಿ ನೋಡಿ.

ಇನ್ನೊಂದು ಮಾತು. ಮುಂದಿನ ಸಲ ಬಂದಾಗ ಅವನ ಹೆಡ್‌ಫೋನನ್ನು ನೀವು ಹಾಕಿಕೊಂಡು, ಮೈಕನ್ನು ಬಚ್ಚಲೊಲೆಯ ಕಡೆಗೆ ಹಿಡಿಯಲು ಹೇಳಿ. ನಮ್ಮ ಆಯಿ ಹಂಡೆಯ ನೀರು ಕಾಯುವ ಸದ್ದನ್ನು ಹಾಗೆ ಕೇಳಿ “ನಿಂಗೆ ಇಷ್ಟೆಲ್ಲ ಕೇಳ್ತನಾ ತಮಾ?” ಎಂದು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದಳು.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೇನೆ. ಈ ವೃತ್ತಿ ಕಲಿಯಬೇಕೆಂದಿದೆ. ಎಲ್ಲಿ ಕಲಿಯಬಹುದು? ಹುಡುಗಿಯರಿಗೆ ಆಗದು ಎಂದು ಮನೆಯಲ್ಲಿ ಹೇಳುತ್ತಾರೆ. (ವಿದ್ಯಾರ್ಥಿನಿ, ಕುಮಟಾ)

ಉತ್ತರ: ಪದವಿಯ ನಂತರ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಹಾಗೂ ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಗಳಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. 2009ರಲ್ಲಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯಲ್ಲಿ ಕಲಿತವರು. ಬೆಂಗಳೂರಿನ ಹೆಸರಘಟ್ಟದಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯೂ ಇದೆ. ಭೌತಶಾಸ್ತ್ರವನ್ನು ಈಗಲೇ ಶ್ರದ್ಧೆಯಿಂದ ಓದಿಕೊಳ್ಳಿ. ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ಮಾತು ಆರು ಡೆಸಿಬಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತದೆ. ಬೂಮ್, ಅಂದರೆ ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲು, ಹಿಡಿಯುವವರು ಚಿತ್ರದ ಚೌಕಟ್ಟಿನ ಅಂಚಿಗೆ ತಾಗುವಷ್ಟು ಹತ್ತಿರ ಬರಲು ಜಗಳವಾಡುವುದು ಇದಕ್ಕೇ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಸಿನಿಮಾ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ. ಅಂದರೆ ಹದಿನಾಲ್ಕು ಮೀಟರ್ ದೂರದ ಮೈಕಿಗೆ ಮಾತು ಒಂದು ಚೌಕಟ್ಟು ತಡವಾಗಿ ಮುಟ್ಟುತ್ತದೆ.

ಹುಡುಗಿಯರಿಗೆ ಆಗದು ಎಂಬುದನ್ನು ನಾನು ಒಪ್ಪುವುದಿಲ್ಲ. ಕಲಾವಿದೆಯರ ಬಟ್ಟೆಯೊಳಗೆ ಲೇಪಲ್ ಮೈಕ್ ಅಡಗಿಸುವಾಗ ಒಬ್ಬ ಹೆಣ್ಣುಮಗಳು ತಂಡದಲ್ಲಿದ್ದರೆ ಎಲ್ಲರಿಗೂ ಎಷ್ಟು ನಿರಾಳವೆಂದು ನಾನು ಕಂಡಿದ್ದೇನೆ. ಮೂರು ಮೀಟರಿನ ಬೂಮನ್ನು ತಲೆಯ ಮೇಲೆ ಅಲುಗದಂತೆ ಐದು ನಿಮಿಷ ಹಿಡಿಯುವುದು ಅಭ್ಯಾಸದ ಮಾತು, ಉದ್ದನೆಯ ದೋಟಿ ಹಿಡಿದು ಇಂದೇ ಶುರುಮಾಡಬಹುದು. ಮನೆಯವರ ಆತಂಕ ನ್ಯಾಯವಾದದ್ದೇ. ಬೇರೆ ಕೋಣೆ, ರಾತ್ರಿ ಕೆಲಸ ಮುಗಿದ ಮೇಲೆ ವಾಹನ, ಚಿತ್ರೀಕರಣದ ಜಾಗದಲ್ಲಿ ಶೌಚಾಲಯ, ಈ ಮೂರನ್ನೂ ಕೆಲಸ ಒಪ್ಪುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಕೊಡದವರ ಚಿತ್ರವನ್ನು ಬಿಟ್ಟುಬಿಡಿ.

ಪ್ರಶ್ನೆ: ಕಡಲತೀರದ ಉಪ್ಪುಗಾಳಿ, ಮಳೆಗಾಲದ ತೇವದಲ್ಲಿ ಮೈಕುಗಳನ್ನು ಹೇಗೆ ಕಾಪಾಡುತ್ತೀರಿ? (ಸ್ಟುಡಿಯೊ ಮಾಲೀಕರು, ಕಾರವಾರ)

ಉತ್ತರ: ಗಾಳಿಯಾಡದ ಪೆಟ್ಟಿಗೆ ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್, ಇವೆರಡೇ ಆಧಾರ. ಸಾಮಾನ್ಯ ಕಂಡೆನ್ಸರ್ ಮೈಕ್ ತೇವಕ್ಕೆ ಪಟಪಟ ಎನ್ನತೊಡಗುತ್ತದೆ; ರೇಡಿಯೊ ತರಂಗದ ತತ್ವದಲ್ಲಿ ಕೆಲಸ ಮಾಡುವ ಕಂಡೆನ್ಸರ್ ಮೈಕುಗಳು ಹೆಚ್ಚು ತಡೆಯುತ್ತವೆ, ಬೆಲೆ ಹೆಚ್ಚಾದರೂ ಕರಾವಳಿಯವರಿಗೆ ಅವೇ ಸರಿ. ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಒಳಗೆಲ್ಲ ನೀರು ಕಟ್ಟುತ್ತದೆ. ಎಂಜಿನ್ ಇಲ್ಲದ ಕಡಲಿನ ಸದ್ದು ಬೇಕಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ 61 ದಿನಗಳಲ್ಲಿ, ಮಳೆ ಬಿಡುವು ಕೊಟ್ಟ ಒಂದು ಬೆಳಗಿನ ಜಾವ ಪ್ರಯತ್ನಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಈ ವರ್ಷದಿಂದ ಅಡಿಕೆ ಸುಲಿಯಲು ಯಂತ್ರ ತರುತ್ತಿದ್ದೇವೆ. ಅದಕ್ಕೂ ಮೊದಲು, ಮೆಟ್ಟುಗತ್ತಿಯಲ್ಲಿ ಸುಲಿಯುವ ಕೊನೆಯ ಕೆಲವು ರಾತ್ರಿಗಳ ಸದ್ದನ್ನು ಉಳಿಸಿಕೊಳ್ಳುವ ಆಸೆ. ನನ್ನಲ್ಲಿರುವುದು ಮೊಬೈಲ್ ಮಾತ್ರ. (ಕೃಷಿಕರು, ಸಿದ್ದಾಪುರ)

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಮತ್ತು ಮೊಬೈಲ್ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೈಯಲ್ಲಿ ಹಿಡಿಯದೆ ಮಡಚಿದ ಟವೆಲಿನ ಮೇಲಿಡಿ. ಕೈಯ ಉಜ್ಜಾಟ ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ. ಸುಲಿಯುವವರಿಂದ ಒಂದು ಮಾರು ದೂರದಲ್ಲಿರಲಿ. ಫ್ಯಾನ್ ಆರಿಸಿ. ಅನುಕೂಲವಿದ್ದರೆ ಕುಗ್ಗಿಸದ ವೇವ್ (WAV) ಕಡತವಾಗಿ, 48 ಕಿಲೋಹರ್ಟ್ಜ್ (48 kHz) ದರದಲ್ಲಿ ಮುದ್ರಿಸಿ. ಸುಲಿಯಲು ಬಂದವರಿಗೆ ಮುದ್ರಿಸುತ್ತಿರುವ ವಿಷಯ ತಿಳಿಸಿ ಒಪ್ಪಿಗೆ ಕೇಳಿ. ಅರ್ಧ ಗಂಟೆಯಲ್ಲಿ ಅವರು ಅದನ್ನು ಮರೆತು ಊರಿನ ಸುದ್ದಿ, ತಾಳಮದ್ದಳೆಯ ಮಾತು ಶುರುಮಾಡುತ್ತಾರೆ. ಆದ್ದರಿಂದ ಐದು ನಿಮಿಷಕ್ಕೆ ನಿಲ್ಲಿಸದೆ ಎರಡು ಗಂಟೆ ಬಿಟ್ಟುಬಿಡಿ. ಅಡಿಕೆ ಬುಟ್ಟಿಗೆ ಬೀಳುವ ಸದ್ದು ಬುಟ್ಟಿ ಖಾಲಿಯಿದ್ದಾಗ ಒಂದು ಬಗೆ, ತುಂಬಿದಾಗ ಇನ್ನೊಂದು ಬಗೆ, ಅದೂ ಪೂರ್ತಿಯಾಗಿ ಬರಲಿ. ಚಹಾ ಬಂದಾಗ ಎಲ್ಲರೂ ಕತ್ತಿ ಬಿಟ್ಟು ಏಳುವುದನ್ನೂ ಬಿಡಬೇಡಿ. ಶುರುವಿನಲ್ಲಿ ದಿನಾಂಕ, ಊರು, ಕುಳಿತವರ ಹೆಸರುಗಳನ್ನು ನಿಮ್ಮ ದನಿಯಲ್ಲಿಯೇ ಹೇಳಿ, ಮರುದಿನವೇ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ ಒಂದನ್ನು ಬೇರೆ ಮನೆಯಲ್ಲಿ ಇಡಿ. ಕೊನೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಅಂಗಳದ ಒಂದು ನಿಮಿಷವನ್ನು ಹಾಗೆಯೇ ಮುದ್ರಿಸಿಕೊಳ್ಳಿ.